ಕಿವಿಗೆ ಬಂದ ಹಲ್ಲಿನ ಕೆಲಸ

ಮುನವಳ್ಳಿಯ ಮಹಾನಂದಾ ಮದುವೆ ಮನೆಗಳಿಗೆ ಖಡಕ್ ರೊಟ್ಟಿ ಮಾಡಿಕೊಡುತ್ತಾಳೆ. ಸುಟ್ಟ ರೊಟ್ಟಿಗಳನ್ನು ಕೆಂಡದ ಸುತ್ತ ಒರಗಿಸಿ ಒಣಗಿಸಬೇಕು. ಒಂದರಲ್ಲಿ ಪಸೆ ಉಳಿದರೂ ಬಟ್ಟೆಯಲ್ಲಿ ಗಂಟು ಕಟ್ಟಿದ ಮೇಲೆ ಅದು ಉಳಿದವಕ್ಕೆ ಹರಡಿ ಎಲ್ಲವೂ ಮೆತ್ತಗಾಗುತ್ತವೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಒಂದು ರೊಟ್ಟಿ ಮುರಿದು, ನಡುವಿನ ತುಂಡನ್ನು ಬಲಗಡೆಯ ದವಡೆ ಹಲ್ಲಿನಲ್ಲಿ ಕಡಿದು ನೋಡಿಯೇ ಅವಳು ಗಂಟು ಕಟ್ಟಿಸುವುದು.

ಈಗ ಆ ಬದಿಯ ಕೊನೆಯ ಹಲ್ಲು ಇಲ್ಲ. ಅದು ಅಡ್ಡ ಬೆಳೆದಿತ್ತು. ಸವದತ್ತಿಯ ದಂತವೈದ್ಯರು ಒಸಡು ಕೊಯ್ದು, ಹಲ್ಲನ್ನು ಎರಡು ಹೋಳು ಮಾಡಿ ತೆಗೆದು ಹೊಲಿಗೆ ಹಾಕಿದರು. “ಹೊಲಿಗಿ ತಗಿಯೂತನಕಾ ಗಟ್ಟಿ ಏನೂ ಕಡೀಬ್ಯಾಡ್ರಿ” ಎಂದು ಹೇಳಿ ಕಳಿಸಿದ್ದರು.

ನೋವು ತಗ್ಗಿತ್ತು, ಕೆನ್ನೆ ಮಾತ್ರ ಇನ್ನೂ ಊದಿಕೊಂಡಿತ್ತು. ಪಡಸಾಲೆಯಲ್ಲಿ ಗೋಡೆಗೆ ಒರಗಿ ತಣ್ಣಗಿನ ನುಚ್ಚು ಮಜ್ಜಿಗೆ ಉಣ್ಣುವುದು ಅವಳಿಗೆ ಹಾಯೆನಿಸಿತ್ತು. ಹಗಲಲ್ಲಿ ಹೀಗೆ ಕೂತು ಉಂಡದ್ದು ಅವಳಿಗೆ ನೆನಪಿಲ್ಲ. ಚಿಂತೆ ಒಂದೇ. ಚಚಡಿ ಊರಿನ ಮದುವೆಗೆ ಮರುದಿನವೇ ರೊಟ್ಟಿ ಹೋಗಬೇಕಿತ್ತು, ಒಲೆಯ ಮುಂದೆ ಸೊಸೆ ಐಶ್ವರ್ಯಾ ಮತ್ತು ಪಕ್ಕದ ಮನೆಯ ಕರೆವ್ವ ಇಬ್ಬರೇ ಇದ್ದರು.

“ಅತ್ತಿಯಾರ, ಎಲ್ಲಾ ಖಡಕ್ ಆಗ್ಯಾವ್ರಿ. ಗಂಟ ಕಟ್ಟಲೇನ್ರಿ?” ಎಂದಳು ಐಶ್ವರ್ಯಾ.

“ನಿನ್ನ ಹಲ್ಲಿಗೆ ಎಲ್ಲಾ ಪಟ್ಟನ ಮುರೀತಾವವ್ವಾ. ಒಂದ ತುಂಡ ಇಲ್ಲಿ ತಾ.”

ಮಹಾನಂದಾ ತುಂಡನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಗಂಡ ಬಸಲಿಂಗಪ್ಪ ಕೈ ಹಿಡಿದ. “ಏ, ಹೊಲಿಗಿ ಹರೀತಂದ್ರ ನಾ ಮತ್ತ ಸವದತ್ತಿಗಿ ಬರಾಂವಲ್ಲ ನೋಡು. ಆ ದವಾಖಾನ್ಯಾಗ ನಿನಗಿಂತ ನಾನ ಹೆಚ್ಚ ಹೆದರೇನಿ.”

“ಹಂಗಾರ ನೀವ ಕಡದ ಹೇಳ್ರಿ.”

ಅವನು ಪಕ್ಕದಲ್ಲೇ ಕುಳಿತು ಕಡಿದ. “ಛಲೋ ಐತಿ. ಒಂಚೂರು ಶೇಂಗಾ ಚಟ್ನಿ ಇದ್ದಿದ್ರ...”

“ಈ ಅಣ್ಣಾಗ ಏನ ಕೊಟ್ರೂ ಛಲೋನ!” ಎಂದು ಕರೆವ್ವ ನಕ್ಕಳು.

ಮಹಾನಂದಾ ನಗಲಿಲ್ಲ. ಅವನು ಅಗಿಯುವಾಗ ಮೊದಲು ಕರುಂ ಎಂದದ್ದು ಆಮೇಲೆ ಸದ್ದೇ ಇಲ್ಲದಾಗಿತ್ತು. ಸೊಸೆಯನ್ನು ಕರೆದು, ಅವಳ ಕೆನ್ನೆಗೆ ಕಿವಿ ಹಚ್ಚಿ ಅಂದಳು, “ಅಂಚ ಕಡಿ. ಈಗ ನಡಕಿಂದು.” ಅಂಚು ತೆಳುವಾದದ್ದರಿಂದ ಚೆನ್ನಾಗಿ ಒಣಗಿತ್ತು. ನಡುವಿನ ತುಂಡಿನ ಸದ್ದು ಅರ್ಧಕ್ಕೇ ನಿಂತುಹೋಯಿತು, ಅಲ್ಲಿ ಇನ್ನೂ ಪಸೆ ಇತ್ತು.

“ಎಲ್ಲಾ ಮತ್ತ ಕೆಂಡಕ್ಕ ಹಚ್ಚ್ರಿ.”

ಮತ್ತೆ ಒಣಗಿದ ಮೇಲೆ ಐಶ್ವರ್ಯಾ ತಾನೇ ಕರೆವ್ವನ ಕೆನ್ನೆಗೆ ಕಿವಿ ಹಚ್ಚಿ ಕೂತಳು.

“ಈ ಕಡೆ ಬ್ಯಾಡವಾ, ಇಲ್ಲಿ ಹಲ್ಲ ಇಲ್ಲ. ಆ ಕಡೆ ಬಾ” ಎಂದು ಕರೆವ್ವ ಮುಖ ತಿರುಗಿಸಿದಳು.

ಐಶ್ವರ್ಯಾ ಕಣ್ಣು ಮುಚ್ಚಿ ಕೇಳಿದಳು. “ಆಗಿನ್ವು ಖಡಕ್ ಆಗಿದ್ದಿಲ್ರಿ ಅತ್ತಿಯಾರ. ಈಗ ನುಂಗೂತನಕಾ ಸದ್ದ ಬರಾಕಹತ್ತೈತ್ರಿ. ನೀವೂ ಒಮ್ಮಿ ಕೇಳ್ತೀರೇನ್ರಿ?”

“ನೀ ಕೇಳಿದ್ಯಲ್ಲ, ಕಟ್ಟು” ಎಂದು ಮಹಾನಂದಾ ಎರಡನೇ ಸಲ ನುಚ್ಚು ಹಾಕಿಸಿಕೊಂಡಳು.