ಮೇಷ್ಟ್ರು ಬರೆಯದ ಪ್ರಬಂಧ

"ಅಮ್ಮಾ, ಮೇಲ್ಗಡೆ ಮನೆ ತಾತ ಯಾಕೆ ಗೋಡೆಗೆ ಕಿವಿ ಇಟ್ಕೊಂಡು ನಿಂತಿರ್ತಾರೆ?"

ಮಗಳ ಬಾಯಿಗೆ ತುತ್ತು ತುರುಕುತ್ತಿದ್ದ ನಾನು "ಅದು ಅವರ ಕೆಲಸ, ಮೊದಲು ನುಂಗು" ಎಂದೆ.

ಸುಳ್ಳೇನಲ್ಲ. ಮಹಡಿಯ ಮೇಲೆ ಒಬ್ಬರೇ ಇರುವ ಅವರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಕಾಂಕ್ರೀಟಿನ ಬಿರುಕುಗಳ ಬೆನ್ನು ಹತ್ತಿರುವವರು. ಬೀದಿಯವರ ಬಾಯಲ್ಲಿ ಬಿರುಕು ಮೇಷ್ಟ್ರು. ನಮ್ಮ ಮೆಟ್ಟಿಲ ಗೋಡೆಯ ಬಿರುಕಿಗೂ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದಾರೆ. ಬಿರುಕು ಬೆಳೆದರೆ ಗಾಜು ಒಡೆಯುತ್ತದಂತೆ. ಮಗಳು ಹುಟ್ಟಿದ ವಾರ ಅಂಟಿಸಿದ್ದು. "ಎರಡರ ಬೆಳವಣಿಗೆನೂ ನೋಡ್ತಾ ಇರೋಣ" ಎಂದಿದ್ದರು.

ಮೊನ್ನೆ ಸಂಜೆ ಬಟ್ಟೆ ತೆಗೆಯಲು ತಾರಸಿಗೆ ಹೋದಾಗ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಹಾಳೆ ಹಿಡಿದು ಕೂತಿದ್ದರು.

"ಮೊದಲನೇ ಸ್ಥಾನ ಬಂದಿದೆ ಕಣಮ್ಮ ನಂಗೆ" ಎಂದರು, ಯಾರೋ ತೀರಿಕೊಂಡ ಸುದ್ದಿ ಹೇಳುವವರಂತೆ.

ಅವರ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಪಟ್ಟಿ ಹಾಕುತ್ತಾರೆ. ಒಬ್ಬರ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದರ ಮೇಲೆ ಸ್ಥಾನ. ಬರೆದದ್ದನ್ನು ಓದಿ ನೋಡುವವರಿಲ್ಲ. ಕೊನೆಯ ಮೂವರ ಪ್ರಯೋಗಾಲಯ ಬೇರೆಯವರ ಪಾಲು. ಮೇಷ್ಟ್ರು ಹನ್ನೊಂದು ವರ್ಷ ಬೆವರು ಸುರಿಸಿ ಬರೆದ ಪ್ರಬಂಧಕ್ಕೆ ಸಿಕ್ಕ ಉಲ್ಲೇಖ ಒಂಬತ್ತು. ಈಗ ಅವರ ಹೆಸರಿನ ಇನ್ನೊಂದಕ್ಕೆ ನಾನೂರ ಹನ್ನೆರಡು.

"ಒಳ್ಳೇದೇ ಆಯ್ತಲ್ಲ ಸರ್?"

"ಅದನ್ನ ನಾನು ಬರೆದೇ ಇಲ್ವಲ್ಲಮ್ಮ."

ಯಾವುದೋ ಸಂಶೋಧನಾ ಪತ್ರಿಕೆ, ಉಲ್ಲೇಖ ಹೇಗೆ ಬರೆಯಬೇಕೆಂದು ತೋರಿಸಲು, ಇವರ ಹೆಸರಿಗೆ ಇಲ್ಲದ ಶೀರ್ಷಿಕೆಯೊಂದನ್ನು ಅಂಟಿಸಿ ಮಾದರಿ ಕೊಟ್ಟಿತ್ತು. ಆ ನಮೂನೆಯ ಮೇಲೇ ಬರೆಯುತ್ತಿದ್ದ ಯಾರೋ ಅವಸರದಲ್ಲಿ ಮಾದರಿಯನ್ನು ಅಳಿಸದೆ ತಮ್ಮ ಪ್ರಬಂಧದಲ್ಲೇ ಉಳಿಸಿದರು. ಮಿಕ್ಕವರು ಅವರನ್ನು ನೋಡಿ ಇಳಿಸಿಕೊಂಡರು. ಮೂಲ ಹುಡುಕುವ ಪುರುಸೊತ್ತು ನಾನೂರು ಜನರಲ್ಲಿ ಒಬ್ಬರಿಗೂ ಇರಲಿಲ್ಲ.

ಕಾಲೇಜಿನ ಗುಮಾಸ್ತೆಗೆ ಹೇಳಿದರೆ ಆಕೆ ನಕ್ಕಳಂತೆ. "ನಿಮ್ಮ ಹೆಸರು ಇಟ್ಕೊಂಡು ಬಾಗಿಲಿಗೆ ಬಂದಿರೋ ಕೂಸು ಸರ್, ಹೊರಗೆ ಹಾಕ್ತೀರಾ? ಶುಕ್ರವಾರದೊಳಗೆ ನಂದೇ ಅಂತ ಸಹಿ ಹಾಕಿ ಪ್ರಯೋಗಾಲಯ ಉಳಿಸ್ಕೊಳ್ಳಿ."

"ಹಾಕಿದ್ರಾ?" ಎಂದೆ.

"ಇಲ್ಲ. ಆದ್ರೆ ಹೋದ ತಿಂಗಳು ಯಾರೋ ಅದರ ಎಂಟನೇ ಪುಟದ ಒಂದು ವಾಕ್ಯ ಎತ್ತಿ ಹಾಕಿದಾರೆ. ಇಲ್ಲದ ಪ್ರಬಂಧಕ್ಕೆ ಎಂಟನೇ ಪುಟ ಎಲ್ಲಿಂದ ಬಂತು?"

ಹಾಳೆ ನನ್ನತ್ತ ಚಾಚಿದರು. ಬಿರುಕು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ ಎಂದಿತ್ತು. ಗಾಜು ಅಂಟಿಸಿದ ದಿನ ಅವರು ನನಗೆ ಹೇಳಿದ್ದ ಮಾತೇ ಅದು.

"ಎಲ್ಲಾದ್ರೂ ಬರೆದಿದ್ರಾ ಸರ್?"

"ಇಲ್ಲ. ನಿಂಗೆ, ನನ್ನ ಹೆಂಡತಿಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಅವಳು ಹೋಗಿ ಏಳು ವರ್ಷ ಆಯ್ತು." ಹಾಳೆ ವಾಪಸ್ ತೆಗೆದುಕೊಂಡು ಮಡಿಸಿದರು. "ನಿನ್ನೆ ಸ್ನಾನ ಮಾಡ್ತಿರುವಾಗ ಒಂಬತ್ತನೇ ಪುಟ ನೆನಪಾಯ್ತು. ಇವತ್ತು ಹತ್ತನೇದು. ಚೆನ್ನಾಗಿದೆ ಕಣಮ್ಮ. ನಾನು ಬರೆದಿರೋದಕ್ಕಿಂತ ಚೆನ್ನಾಗಿದೆ."

ಹಗ್ಗದ ಮೇಲಿನ ಬಟ್ಟೆಗೆ ಕೈ ಹಾಕಲು ಮನಸ್ಸು ಬರಲಿಲ್ಲ. "ಸಹಿ ಮಾತ್ರ ಹಾಕ್ಬೇಡಿ. ಊಟ ಕಳಿಸ್ತೀನಿ, ಉಂಡು ಮಲಗಿ" ಎಂದೆ.

ಇವತ್ತು ಗುರುವಾರ. ಬೆಳಿಗ್ಗೆ ಬಾಗಿಲು ತಟ್ಟಿದರು. ಎರಡು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು. ತೋಳುಗಳಲ್ಲಿ ದಾರ ಕಟ್ಟಿದ ಹದಿನೇಳು ನೋಟ್ ಪುಸ್ತಕ.

"ನಾನು ನಿಜವಾಗ್ಲೂ ಬರೆದಿದ್ದೆಲ್ಲ ಇಷ್ಟೇ ತಾಯಿ. ನಿನ್ನ ಬೀರುವಿನಲ್ಲಿಟ್ಟು ಬೀಗ ಹಾಕ್ಕೋ. ಇದೊಂದು ಉಪಕಾರ ಮಾಡು. ನಾಳೆ ನಾನೇ ಬಂದು, ಇದರಲ್ಲಿ ಒಂದು ಪ್ರಬಂಧ ಸೇರಿಸೋದು ಬಿಟ್ಟುಹೋಗಿದೆ, ಕೊಡು ಅಂದ್ರೂ ಕೊಡಬೇಡ."