ಮಾಫಿ ಕೇಳದ ಸಿಸ್ಟರ್

ದೇವರ ಪ್ರಸಾದವನ್ನು ಕೈಯಿಂದ ಕಸಿದುಕೊಂಡವರನ್ನು ಎಂದಾದರೂ ನೋಡಿದ್ದೀರಾ? ನಾನು ಕಳೆದ ವಾರ ನೋಡಿದೆ. ಅದೂ ಘತ್ತರಗಿ ಭಾಗ್ಯವಂತಿಯ ಪ್ರಸಾದ!

ಆಳಂದದ ಒಂದು ಖಾಸಗಿ ಆಸ್ಪತ್ರೆ. ಸರಸಂಬಾದ ನಮ್ಮ ಕಾಕುಗೆ (ಕಾಕಾನ ಹೆಂಡತಿ, ನನ್ನನ್ನು ಎತ್ತಿ ಆಡಿಸಿದವಳು) ಅಂದು ಗರ್ಭಚೀಲದ ಆಪರೇಷನ್. ಬೆಳಗಿನಿಂದ ಹನಿ ನೀರೂ ಕೊಡಬೇಡಿ ಎಂದು ತಾಕೀತು ಮಾಡಿದ್ದರು. ಆದರೆ ನಮ್ಮ ಕಡೆ ಪೇಷಂಟ್ ಒಬ್ಬರಾದರೆ ಮಾತಾಡಿಸಲು ಬರುವವರು ಟಂಟಂ ಗಾಡಿ ತುಂಬ. ಜೊತೆಗೆ ಬುತ್ತಿ ಗಂಟು ಬೇರೆ! ಈ ತಾಕೀತು ಗೊತ್ತಿಲ್ಲದ ಕಾಕಾ ನಸುಕಿನಲ್ಲೇ ಘತ್ತರಗಿಗೆ ಹೋಗಿ, ದೇವಿಗೆ ನೈವೇದ್ಯ ಮಾಡಿಸಿ, ಸೀದಾ ವಾರ್ಡಿಗೆ ಬಂದಿದ್ದ.

"ಒಂದ್ ತುಣುಕ ಬಾಯಾಗ ಹಾಕ್ಕೊ. ಅವ್ವ ಕಾಯ್ತಾಳ" ಎಂದು ಹೋಳಿಗೆ ಮುರಿದು ಕಾಕುವಿನ ಬಾಯಿಗೆ ಹಿಡಿದ. ದೇವಿಯ ಪ್ರಸಾದ, ಬೇಡ ಅನ್ನುವುದುಂಟೇ? ಆಕೆ ಬಾಯಿ ತೆರೆದಳು. ಬಾಗಿಲಲ್ಲಿದ್ದ ನಾನು ಕೂಗುವಷ್ಟರಲ್ಲಿ ನರ್ಸ್ ಮಹಾನಂದಾ ಓಡಿ ಬಂದು ಕಸಿದೇಬಿಟ್ಟಳು.

"ಏ ಬೇ! ದೇವಿ ಪ್ರಸಾದಕ್ಕ ಕೈ ಹಚ್ತಿ? ಎಷ್ಟ್ ಸೊಕ್ಕು ನಿನಗ!" ಕಾಕಾನ ಅಬ್ಬರಕ್ಕೆ ವಾರ್ಡಿನಲ್ಲಿ ಮಲಗಿದ್ದವರೆಲ್ಲ ಎದ್ದು ಕುಳಿತರು.

ಮ್ಯಾನೇಜರ್ ಓಡೋಡಿ ಬಂದರು. ಏನಾಯಿತೆಂದು ಕೇಳಿದರಾ? ಛೇ, ಎಲ್ಲಿಯದು! "ಮೊದ್ಲ ಯಜಮಾನ್ರಿಗೆ ಮಾಫಿ ಕೇಳವಾ. ಆಸ್ಪತ್ರಿ ಹೆಸರು ಕೆಡ್ತದ" ಎಂದರು.

"ಕೇಳಂಗಿಲ್ರಿ" ಎಂದಳು ಮಹಾನಂದಾ. ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟಳು. "ಪ್ರಸಾದ ಎಲ್ಲಿ ಹೋಗಂಗಿಲ್ಲ. ಡಾಕ್ಟರ್ ಹೂಂ ಅಂದಮ್ಯಾಲ ನಾನೇ ತಿನ್ನಸ್ತೇನಿ. ಮಾಫಿ ಮಾತ್ರ ಕೇಳಂಗಿಲ್ಲ."

ಭಲೇ ಹುಡುಗಿ! ನನಗಂತೂ ಚಪ್ಪಾಳೆ ತಟ್ಟಬೇಕೆನಿಸಿತು.

ಗದ್ದಲ ಕೇಳಿ ಬಂದ ಅರವಳಿಕೆ ಡಾಕ್ಟರು ಕಾಕಾನಿಗೆ ಬಿಡಿಸಿ ಹೇಳಿದರು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಉಸಿರಿನ ದಾರಿ ಸೇರಿದರೆ ಜೀವಕ್ಕೇ ಸಂಚಕಾರ. ಕಾಕಾನ ಮುಖ ಬಿಳಿಚಿಕೊಂಡಿತು. ಎಲ್ಲರೆದುರೇ ಮಹಾನಂದಾಳಿಗೆ ಕೈ ಮುಗಿದ. "ತಪ್ಪಾತು ತಂಗಿ, ಮಾಫ್ ಮಾಡು. ನನ್ನ ಹೇಣ್ತಿ ಜೀವ ಉಳಸ್ದಿ."

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಕಾಕಾ. ನಿಮಗ ಗೊತ್ತಿದ್ದಿಲ್ಲ. ಮ್ಯಾನೇಜರ್ ಸಾಹೇಬ್ರಿಗೆ ಗೊತ್ತಿತ್ತಲ್ರಿ?"

ಕಾಕು ಈಗ ಆರಾಮ ಇದ್ದಾಳೆ. ಮಹಾನಂದಾ ಮಾತ್ರ ಈ ತಿಂಗಳಿಗೆ ಕೆಲಸ ಬಿಡುತ್ತಿದ್ದಾಳೆ. ಪಗಾರ ಸಾಲುತ್ತಿಲ್ಲವಾ ಎಂದು ಕೇಳಿದೆ.

"ಪಗಾರ ಎಲ್ಲಾ ಕಡೀನೂ ಅಷ್ಟರಿ ಅಕ್ಕಾ. ಡಬಲ್ ಡ್ಯೂಟಿ ಮಾಡೇನಿ, ಮಂದಿ ಕಡೆ ಬೈಸ್ಕೊಂಡೇನಿ. ಆದ್ರ ಖರೇ ಕೆಲಸ ಮಾಡಿದ್ದಕ್ಕ ಮಾಫಿ ಕೇಳು ಅಂತಾರಲ್ಲ, ಅದು ತಡ್ಕೊಳ್ಳಾಕ ಆಗಂಗಿಲ್ಲ. ಜೇವರ್ಗಿ ಆಸ್ಪತ್ರಿಗೆ ಹೋಗ್ತೇನಿ. ಅಲ್ಲೂ ಹಿಂಗಂದ್ರ ಅಲ್ಲೂ ಕೇಳಂಗಿಲ್ಲ!"

ಇತ್ತ ಮ್ಯಾನೇಜರ್ ನನ್ನೆದುರು ಗೋಳು ತೋಡಿಕೊಂಡರು. "ಈಗಿನ ಹುಡುಗ್ಯಾರಿಗೆ ತಾಳ್ಮಿನೇ ಇಲ್ರಿ ಮೇಡಂ. ನಾವು ಕಲಿಸಿ ತಯಾರ್ ಮಾಡ್ತೇವಿ, ಅವ್ರು ಬಿಟ್ಟು ಹೋಗ್ತಾರ."

ತಾಳ್ಮೆಯಂತೆ, ತಾಳ್ಮೆ! ನನಗೆ ಮೈಯೆಲ್ಲ ಉರಿಯಿತು. ಬೈದವರ ಪರ ನಿಲ್ಲುವುದು ನೀವು, ತಾಳ್ಮೆ ಇರಬೇಕಾದದ್ದು ಅವಳಿಗಾ?

ಬೈದ ನಮ್ಮ ಕಾಕಾ ವಾರ್ಡಿನೆದುರು ಮಾಫಿ ಕೇಳಿದ. ಮ್ಯಾನೇಜರ್ ಸಾಹೇಬರೇ, ನೀವು ಯಾವಾಗ ಕೇಳುತ್ತೀರಿ?