ಕೆರೆ ದಂಡೆಯ ತತ್ತಿ

ಯಾದಗಿರಿ ಊರೊಳಗಿನ ಕೆರೆ. ಒಂದು ಕಡೆ ಆಟೋಗಳ ಹಾರ್ನು, ಮಿರ್ಚಿ ಬಂಡಿ; ಇನ್ನೊಂದು ಕಡೆ ಬಟ್ಟೆ ಒಗೆಯುವವರು. ಕೊಕ್ಕರೆಗಳಿಗೆ ಇದಾವುದರ ಪರಿವೆಯೂ ಇಲ್ಲ. ಸಣ್ಣ ಹಕ್ಕಿಯೊಂದು ಮಾತ್ರ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿತ್ತು. ದಂಡೆಯ ತುಂಬ ಒಳ್ಳೆಯ ಬಿಸಿಲಿದ್ದರೂ ಒಬ್ಬ ಹೆಂಗಸು ಒದ್ದೆ ಕೌದಿ ಹೊತ್ತು ಒಣಹಾಕಲು ಮೇಲಿನ ರಸ್ತೆಗೆ ಹೊರಟಿದ್ದಳು. ಯಾಕೆಂದು ಕೇಳಿದೆ.

“ಇಲ್ಲೇ ಕಲ್ಲಾಗ ಹಕ್ಕಿ ತತ್ತಿ ಇಟ್ಟೈತಿ, ತಮ್ಮಾ. ಮರಿ ಆಗೋತನಾ ಯಾರೂ ಇಲ್ಲಿ ಬಟ್ಟಿ ಹರವಂಗಿಲ್ಲ.”

ನಾನು ಬಿಡಲಿಲ್ಲ. “ನೀವು ಮಾಡೋ ಉಪಕಾರ ಆ ಹಕ್ಕಿಗೆ ಗೊತ್ತೇ ಆಗೋದಿಲ್ಲವಲ್ಲ, ಅಕ್ಕಾ? ನಾಳೆ ನಾಯಿ ಬಂದು ತಿಂದರೆ?”

“ನಾಯಿ ತಿಂದ್ರ ಅದರ ಪಾಪ ನಾಯಿಗಿ. ನೀ ಮಾತ್ರ ಅಲ್ಲೇ ನಿಂದ್ರು, ಕಾಲ ಎತ್ತಬ್ಯಾಡ.”

ಬಗ್ಗಿ ನೋಡಿದೆ. ಚಪ್ಪಲಿಗೆ ತಾಗುವಷ್ಟು ಹತ್ತಿರ, ಕಲ್ಲಿನದೇ ಬಣ್ಣದ ಮೊಟ್ಟೆಗಳು. ತಲೆಯ ಮೇಲೆ ಆ ಹಕ್ಕಿ ಆಗಿನಿಂದ ಕಿರುಚುತ್ತಿದ್ದದ್ದು ನನಗೇ.

ಒಗೆದ ಕೌದಿಯನ್ನು ಮಣ್ಣಿಗೇ ಇಳಿಸಿ, ತತ್ತಿ ತುಳಿಯದಂತೆ ದಾಟಿಸಲು ಅವಳು ನನ್ನತ್ತ ಕೈ ಚಾಚಿದಳು.